ತಲೆಗೆ 20 ಯೂರೊ, ದಡದಲ್ಲಿ ನಾಲ್ಕು ಗಂಟೆ: ಕ್ರೂಸ್ ಪ್ರವಾಸಿಗರ ಹಣ ಯಾರ ಕೈ ಸೇರುತ್ತದೆ?

ಗ್ರೀಸ್ ದೇಶವು 2025ರ ಜುಲೈ 21ರಿಂದ ತನ್ನ ಬಂದರುಗಳಲ್ಲಿ ಕ್ರೂಸ್ ಹಡಗಿನಿಂದ ಇಳಿಯುವ ಪ್ರತಿಯೊಬ್ಬ ಪ್ರಯಾಣಿಕರ ಮೇಲೂ ಶುಲ್ಕ ವಿಧಿಸುತ್ತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಯಾಂಟೊರಿನಿ ಅಥವಾ ಮಿಕೊನೊಸ್ ದ್ವೀಪದಲ್ಲಿ ಇಳಿದರೆ ತಲೆಗೆ 20 ಯೂರೊ, ಅಂದರೆ ಹೆಚ್ಚುಕಡಿಮೆ ಎರಡು ಸಾವಿರ ರೂಪಾಯಿ. ಉಳಿದ ಬಂದರುಗಳಲ್ಲಿ 5 ಯೂರೊ. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನಲ್ಲಿ ಇದು 12 ಮತ್ತು 3 ಯೂರೊಗೆ ಇಳಿಯುತ್ತದೆ, ಚಳಿಗಾಲದಲ್ಲಿ 4 ಮತ್ತು 1 ಯೂರೊ ಆಗುತ್ತದೆ. ಏಜಿಯನ್ ಸಮುದ್ರದಲ್ಲಿ ಮೂರು ನಾಲ್ಕು ದಿನ ಸುತ್ತುವ ಹಡಗುಗಳಲ್ಲಿ ಹಲವು ಈ ದ್ವೀಪಗಳ ಜೊತೆಗೆ ಟರ್ಕಿಯ ಕುಶಾದಸಿ ಬಂದರಿಗೂ ಹೋಗುತ್ತವೆ. ಅಲ್ಲಿಂದ ಪ್ರಯಾಣಿಕರು ಬಸ್ಸು ಹತ್ತಿ ಎಫೆಸಸ್ ಎಂಬ ಪುರಾತನ ನಗರದ ಅವಶೇಷಗಳನ್ನು ನೋಡಿ, ರತ್ನಗಂಬಳಿ ನೇಯುವ ಒಂದು ಕೇಂದ್ರಕ್ಕೂ ಹೋಗಿ, ಸಂಜೆಯೊಳಗೆ ಹಡಗಿಗೆ ಮರಳುತ್ತಾರೆ.

ಈ ಸುದ್ದಿ ನಮ್ಮ ಓದುಗರಿಗೆ ಗೊಂದಲ ಉಂಟುಮಾಡಿದರೆ ಆಶ್ಚರ್ಯವಿಲ್ಲ. ಒಂದು ಕಡೆ ಗ್ರೀಸ್ ಶುಲ್ಕ ಹಾಕುತ್ತಿದೆ, ಬಾರ್ಸಿಲೋನ ತನ್ನ ಏಳು ಕ್ರೂಸ್ ಟರ್ಮಿನಲ್‌ಗಳನ್ನು 2030ರೊಳಗೆ ಐದಕ್ಕೆ ಇಳಿಸಲು ತೀರ್ಮಾನಿಸಿದೆ, ವೆನಿಸ್ 2021ರಲ್ಲೇ ದೊಡ್ಡ ಹಡಗುಗಳನ್ನು ನಗರದ ಒಳನಾಲೆಯಿಂದ ಹೊರಗಿಟ್ಟಿದೆ. ಇನ್ನೊಂದು ಕಡೆ ಭಾರತ ಸರ್ಕಾರ 2024ರ ಸೆಪ್ಟೆಂಬರ್ 30ರಂದು ‘ಕ್ರೂಸ್ ಭಾರತ್ ಮಿಷನ್’ ಆರಂಭಿಸಿ, 2029ರ ಹೊತ್ತಿಗೆ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ದುಪ್ಪಟ್ಟು ಮಾಡುವ ಗುರಿ ಇಟ್ಟುಕೊಂಡಿದೆ. ನವಮಂಗಳೂರು ಬಂದರಿನಲ್ಲಿ ಇಳಿಯುವ ವಿದೇಶಿಯರಿಗೆ ಚೆಂಡೆ ಬಾರಿಸಿ, ಯಕ್ಷಗಾನದ ವೇಷದೊಂದಿಗೆ ಸ್ವಾಗತ ಕೋರಲಾಗುತ್ತಿದೆ. ಒಬ್ಬರಿಗೆ ಬೇಡವಾದದ್ದು ಇನ್ನೊಬ್ಬರಿಗೆ ಏಕೆ ಬೇಕು? ಹಡಗು ತರುವುದು ಹಣವನ್ನೋ, ಬರಿಯ ಗದ್ದಲವನ್ನೋ?

ಈ ಪ್ರಶ್ನೆಗೆ ಉತ್ತರ ಬಂದಿಳಿದವರ ಸಂಖ್ಯೆಯಲ್ಲಿ ಸಿಗುವುದಿಲ್ಲ. ಅವರು ದಡದಲ್ಲಿ ಕಳೆಯುವ ಕೆಲವೇ ಗಂಟೆಗಳನ್ನು ಯಾರು ಹಂಚುತ್ತಾರೆ, ಯಾವ ದಾರಿಯಲ್ಲಿ ಬಸ್ಸು ಓಡಿಸುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ ಎಂಬುದರಲ್ಲಿ ಸಿಗುತ್ತದೆ. ತಲೆ ಎಣಿಸುವ ಶುಲ್ಕ ಆ ಹಂಚಿಕೆಯನ್ನು ಮುಟ್ಟುವುದೇ ಇಲ್ಲ. ಇದನ್ನು ತಿಳಿಯಲು ಎಫೆಸಸ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ, ಏಕೆಂದರೆ ಪುರಾತನ ಅವಶೇಷ ಮತ್ತು ಕರಕುಶಲ ಕೇಂದ್ರ ಎರಡೂ ಅಲ್ಲಿ ಒಂದೇ ಟಿಕೆಟ್ಟಿನಲ್ಲಿ ಸೇರಿಕೊಂಡಿವೆ.

ಶುಲ್ಕದ ಹಿನ್ನೆಲೆ

ಜಗತ್ತಿನಲ್ಲಿ 2019ರಲ್ಲಿ ಸುಮಾರು 2.97 ಕೋಟಿ ಜನ ಕ್ರೂಸ್ ಪ್ರಯಾಣ ಮಾಡಿದ್ದರು. ಕೊರೊನಾ ಕಾಲದಲ್ಲಿ ಹಡಗುಗಳು ಲಂಗರು ಹಾಕಿ ನಿಂತವು. ಆ ಉದ್ಯಮ ಮತ್ತೆ ಏಳುವುದು ಕಷ್ಟ ಎಂದು ಹಲವರು ಭಾವಿಸಿದ್ದರು. ಆದರೆ 2024ರಲ್ಲಿ ಪ್ರಯಾಣಿಕರ ಸಂಖ್ಯೆ 3.46 ಕೋಟಿಗೆ ಏರಿತು. ಹಡಗುಗಳ ಗಾತ್ರವೂ ಬೆಳೆದಿರುವುದರಿಂದ, ಮೊದಲು ಏಳೆಂಟು ನೂರು ಜನ ಇಳಿಯುತ್ತಿದ್ದ ಬಂದರಿನಲ್ಲಿ ಈಗ ಒಂದೇ ಹಡಗಿನಿಂದ ಮೂರು ನಾಲ್ಕು ಸಾವಿರ ಜನ ಇಳಿಯುತ್ತಾರೆ. ಇಂಥ ಎರಡು ಮೂರು ಹಡಗು ಒಂದೇ ಬೆಳಿಗ್ಗೆ ಬಂದರೆ ಏನಾಗುತ್ತದೆ ಎಂಬುದನ್ನು ಸ್ಯಾಂಟೊರಿನಿಯ ಜನ ಅನುಭವಿಸಿದರು. ಹದಿನೈದು ಸಾವಿರದಷ್ಟು ನಿವಾಸಿಗಳಿರುವ ಆ ದ್ವೀಪಕ್ಕೆ ಬೇಸಿಗೆಯ ಕೆಲವು ದಿನ ಹಡಗುಗಳಿಂದಲೇ ಹತ್ತು ಸಾವಿರಕ್ಕೂ ಹೆಚ್ಚು ಜನ ಬರುತ್ತಿದ್ದರು. ಕುಡಿಯುವ ನೀರು, ಕಸ, ಕಿರಿದಾದ ಬೀದಿ, ಬಸ್ಸು ಎಲ್ಲದರ ಮೇಲೂ ಹೊರೆ ಬಿತ್ತು. ಹಾಗಾಗಿ 2025ರಿಂದ ದಿನಕ್ಕೆ 8,000 ಕ್ರೂಸ್ ಪ್ರಯಾಣಿಕರ ಮಿತಿ ಬಂತು, ಅದರ ಬೆನ್ನಿಗೇ ಶುಲ್ಕವೂ ಬಂತು.

ಶುಲ್ಕದ ಹಣ ಸ್ಥಳೀಯ ಪುರಸಭೆಗಳು ಮತ್ತು ಸರ್ಕಾರದ ಸಚಿವಾಲಯಗಳ ನಡುವೆ ಹಂಚಿಕೆಯಾಗಿ ಮೂಲಸೌಕರ್ಯಕ್ಕೆ ಬಳಕೆಯಾಗಬೇಕು ಎಂಬುದು ಗ್ರೀಸ್ ಕೊಟ್ಟ ಕಾರಣ. ಕಾರಣ ಸರಿಯಾಗಿಯೇ ಇದೆ. ಆದರೆ ಶುಲ್ಕ ಎಷ್ಟಿರಬೇಕು ಎಂಬುದನ್ನು ಬಂದರುಗಳು ತಾವೇ ತಾವಾಗಿ ನಿರ್ಧರಿಸಲಾರವು. ಮೆಕ್ಸಿಕೊ 2024ರ ಕೊನೆಯಲ್ಲಿ ಪ್ರತಿ ಕ್ರೂಸ್ ಪ್ರಯಾಣಿಕರಿಗೆ 42 ಡಾಲರ್ ಶುಲ್ಕ ಘೋಷಿಸಿತ್ತು. ಹಡಗು ಕಂಪನಿಗಳು ಬೇರೆ ಬಂದರುಗಳತ್ತ ತಿರುಗುವ ಸೂಚನೆ ಕೊಟ್ಟ ಮೇಲೆ ಅದು ಮೊದಲು ಮುಂದಕ್ಕೆ ಹೋಯಿತು, ಆಮೇಲೆ 2025ರ ಜುಲೈ 1ರಿಂದ ಬರೇ 5 ಡಾಲರ್ ಎಂದಾಯಿತು. ಹಂತ ಹಂತವಾಗಿ ಏರಿದರೂ 2028ರಲ್ಲಿ ಅದು 21 ಡಾಲರ್ ಮುಟ್ಟುತ್ತದೆ ಅಷ್ಟೆ. ಮೆಕ್ಸಿಕೊದಲ್ಲಿರುವ ಮಾಯಾ ನಾಗರಿಕತೆಯ ಅವಶೇಷಗಳನ್ನು ಎತ್ತಿ ಬೇರೆ ಕಡೆ ಇಡಲು ಬರುವುದಿಲ್ಲ. ಹಡಗನ್ನು ಬೇರೆ ಕಡೆ ತಿರುಗಿಸಬಹುದು. ಚೌಕಾಸಿಯಲ್ಲಿ ಯಾರ ಕೈ ಮೇಲು ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಬಂದರು ಕಳೆದುಕೊಂಡ ನಗರ

ಎಫೆಸಸ್ ಒಂದು ಕಾಲದಲ್ಲಿ ತಾನೇ ಬಂದರಾಗಿತ್ತು. ರೋಮನ್ನರ ಏಷ್ಯಾ ಪ್ರಾಂತದ ರಾಜಧಾನಿಯಾಗಿದ್ದ ಅದರ ಬಾಗಿಲಿಗೇ ಸಮುದ್ರವಿತ್ತು. ಇಂದು ಕೂಚುಕ್ ಮೆಂದೆರೆಸ್ ಎಂದು ಕರೆಯುವ ನದಿ ವರ್ಷ ವರ್ಷವೂ ತಂದು ಸುರಿದ ಹೂಳಿನಿಂದ ಬಂದರು ತುಂಬಿತು, ಕಡಲು ಕಿಲೋಮೀಟರುಗಟ್ಟಲೆ ಹಿಂದೆ ಸರಿಯಿತು, ವ್ಯಾಪಾರ ಕಳೆದುಕೊಂಡ ನಗರ ಪಾಳುಬಿತ್ತು. ಈಗ ಅದರ ಬಂದರಿನ ಕೆಲಸವನ್ನು ಸುಮಾರು 20 ಕಿಲೋಮೀಟರ್ ದೂರದ ಕುಶಾದಸಿ ಮಾಡುತ್ತಿದೆ. ಯುನೆಸ್ಕೊ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಈ ತಾಣಕ್ಕೆ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ.

ಬಂದವರು ನೋಡುವುದು ಏನು? ಮೇಲಿನ ಬಾಗಿಲಿನಿಂದ ಒಳಗೆ ಬಂದರೆ ಇಳಿಜಾರಿನ ಅಮೃತಶಿಲೆಯ ಬೀದಿ. ಎರಡು ಸಾವಿರ ವರ್ಷ ಜನ ತುಳಿದು, ಕಲ್ಲು ನುಣುಪಾಗಿ, ಮಳೆ ಬಂದ ದಿನ ಕಾಲು ಜಾರುತ್ತದೆ. ಬೀದಿಯ ತುದಿಯಲ್ಲಿ ಸೆಲ್ಸಸ್ ಗ್ರಂಥಾಲಯದ ಎರಡು ಅಂತಸ್ತಿನ ಮುಖಭಾಗ ನಿಂತಿದೆ. ಕ್ರಿ.ಶ. 2ನೆಯ ಶತಮಾನದಲ್ಲಿ ಮಗನೊಬ್ಬ ತಂದೆಯ ನೆನಪಿಗೆ ಕಟ್ಟಿಸಿದ ಈ ಕಟ್ಟಡ ಭೂಕಂಪದಲ್ಲಿ ಕುಸಿದಿತ್ತು; 1970ರ ದಶಕದಲ್ಲಿ ಆಸ್ಟ್ರಿಯಾದ ಪುರಾತತ್ತ್ವಜ್ಞರು ಬಿದ್ದಿದ್ದ ಕಲ್ಲುಗಳನ್ನು ಒಂದೊಂದಾಗಿ ಹೊಂದಿಸಿ ಮತ್ತೆ ಎತ್ತಿ ನಿಲ್ಲಿಸಿದರು. ಅದರ ಗೂಡುಗಳಲ್ಲಿರುವ ನಾಲ್ಕು ಸ್ತ್ರೀಮೂರ್ತಿಗಳು ಪ್ರತಿಕೃತಿಗಳು, ಮೂಲ ಮೂರ್ತಿಗಳು ವಿಯೆನ್ನಾದಲ್ಲಿವೆ. ಅಲ್ಲಿಂದ ಮುಂದೆ ಸುಮಾರು 25,000 ಜನ ಕೂರಬಹುದಾಗಿದ್ದ ರಂಗಮಂಟಪ.

ಆ ರಂಗಮಂಟಪದೊಂದಿಗೆ ಕರಕುಶಲ ವ್ಯಾಪಾರದ ಒಂದು ಹಳೆಯ ಪ್ರಸಂಗವೂ ಸೇರಿಕೊಂಡಿದೆ. ಹೊಸ ಒಡಂಬಡಿಕೆಯ ‘ಅಪೊಸ್ತಲರ ಕೃತ್ಯಗಳು’ ಹೇಳುವಂತೆ, ದೇಮೇತ್ರಿಯನೆಂಬ ಅಕ್ಕಸಾಲಿಗನು ಅರ್ತೆಮಿ ದೇವಿಯ ಬೆಳ್ಳಿಯ ಪುಟ್ಟ ಗುಡಿಗಳನ್ನು ಮಾಡಿಸಿ ಮಾರುತ್ತಿದ್ದ. ಕ್ರೈಸ್ತ ಧರ್ಮಪ್ರಚಾರಕ ಪೌಲನ ಬೋಧನೆಯಿಂದ ತಮ್ಮ ಕಸುಬಿಗೆ ಕುತ್ತು ಬಂತೆಂದು ಅವನು ಕಸುಬಿನವರನ್ನೆಲ್ಲ ಕೂಡಿಸಿದ. ಜನ ಇದೇ ರಂಗಮಂಟಪಕ್ಕೆ ನುಗ್ಗಿ ಎರಡು ಗಂಟೆ ಕಾಲ ದೇವಿಯ ಹೆಸರು ಹಿಡಿದು ಕೂಗಿದರು. ದೂರದಿಂದ ಬರುವ ಯಾತ್ರಿಕರನ್ನು ನಂಬಿದ ಕಸುಬು ಎಷ್ಟು ಸುಲಭವಾಗಿ ಬೆದರುತ್ತದೆ ಎಂಬುದು ಇಲ್ಲಿ ಇಂದು ನಿನ್ನೆಯ ಮಾತಲ್ಲ.

ಗಡಿಯಾರ ಹೇಗೆ ಹಂಚಿಕೆಯಾಗುತ್ತದೆ

ಒಂದು ಹಡಗು ಬೆಳಿಗ್ಗೆ 7ಕ್ಕೆ ಕುಶಾದಸಿಗೆ ಬಂದು ಮಧ್ಯಾಹ್ನ 1ಕ್ಕೆ ಹೊರಡುತ್ತದೆ ಎಂದು ಇಟ್ಟುಕೊಳ್ಳೋಣ. ಕೇಳುವುದಕ್ಕೆ ಆರು ಗಂಟೆ. ಬಂದರಿನ ವಿಧಿವಿಧಾನ ಮುಗಿಸಿ, ಗುಂಪು ಕಟ್ಟಿ, ಬಸ್ಸು ಹತ್ತಿಸುವುದಕ್ಕೆ ಮುಕ್ಕಾಲು ಗಂಟೆ. ಹಡಗು ಹೊರಡುವ ಅರ್ಧ ಗಂಟೆಗೂ ಮೊದಲೇ ಎಲ್ಲರೂ ಒಳಗಿರಬೇಕು. ಹೋಗಿಬರುವ ರಸ್ತೆಗೆ ಒಂದು ಗಂಟೆ. ಕೈಯಲ್ಲಿ ಉಳಿಯುವುದು ನಾಲ್ಕು ಗಂಟೆಗೂ ಕಡಿಮೆ. ಇದರಲ್ಲಿ ಎಫೆಸಸ್‌ಗೆ ಎರಡು ಗಂಟೆ, ರತ್ನಗಂಬಳಿ ಕೇಂದ್ರಕ್ಕೆ ಮುಕ್ಕಾಲರಿಂದ ಒಂದು ಗಂಟೆ; ಮಿಕ್ಕದ್ದು ಶೌಚಾಲಯ, ನೀರು, ತಡವಾಗಿ ಬಂದವರಿಗಾಗಿ ಕಾಯುವುದು.

ಈ ಲೆಕ್ಕದಲ್ಲಿ ಬಿಟ್ಟುಹೋದದ್ದನ್ನೂ ನೋಡಬೇಕು. ಪ್ರತ್ಯೇಕ ಟಿಕೆಟ್ ಬೇಡುವ, ಗೋಡೆಚಿತ್ರ ಮತ್ತು ನೆಲದ ಚಿತ್ತಾರಗಳನ್ನು ನಿಧಾನವಾಗಿ ನೋಡಬೇಕಾದ, ಎಫೆಸಸ್‌ನ ಇಳಿಜಾರಿನಲ್ಲಿರುವ ಪುರಾತನ ಮನೆಗಳು ಬಹಳಷ್ಟು ಗುಂಪುಗಳ ಪಟ್ಟಿಯಲ್ಲಿ ಇರುವುದಿಲ್ಲ. ಅವಶೇಷಗಳ ಪಕ್ಕದಲ್ಲೇ ಇರುವ ಸೆಲ್ಚುಕ್ ಊರಿನ ವಸ್ತುಸಂಗ್ರಹಾಲಯದಲ್ಲಿ ಅರ್ತೆಮಿಯ ಪ್ರಸಿದ್ಧ ಅಮೃತಶಿಲೆಯ ಮೂರ್ತಿಗಳಿವೆ, ಅಲ್ಲಿಗೂ ಹೊತ್ತಿಲ್ಲ. ಸೆಲ್ಚುಕ್‌ನ ಊಟದ ಮನೆಗಳಿಗೆ ಈ ಪ್ರಯಾಣಿಕರು ಹೋಗುವುದಿಲ್ಲ, ಏಕೆಂದರೆ ಊಟದ ಹಣವನ್ನು ಅವರು ಹಡಗಿನಲ್ಲಿ ಮೊದಲೇ ಕಟ್ಟಿದ್ದಾರೆ. ರಾತ್ರಿ ತಂಗುವ ಮಾತಂತೂ ಇಲ್ಲ. ಅವಶೇಷಗಳ ನೆರೆಯಲ್ಲೇ ಇದ್ದೂ ಸೆಲ್ಚುಕ್‌ಗೆ ಬಸ್ಸಿನ ಹೊಗೆ ಸಿಗುತ್ತದೆ, ಬಸ್ಸಿನಲ್ಲಿರುವವರು ಸಿಗುವುದಿಲ್ಲ.

ಹಾಗಾದರೆ ಪ್ರಯಾಣಿಕರು ಹಡಗಿನವರ ಬಸ್ಸನ್ನು ಬಿಟ್ಟು ತಾವೇ ಟ್ಯಾಕ್ಸಿ ಹಿಡಿದು ಹೋಗಬಾರದೇ? ಹೋಗಬಹುದು, ಹಲವರು ಹೋಗುತ್ತಾರೆ. ಆದರೆ ಇಲ್ಲಿ ಒಂದು ಬಲವಾದ ಗಂಟು ಇದೆ. ಹಡಗಿನಲ್ಲೇ ಮಾರುವ ಸುತ್ತಾಟದಲ್ಲಿ ಹೋದವರು ತಡವಾದರೆ ಹಡಗು ಅವರಿಗಾಗಿ ಕಾಯುತ್ತದೆ ಎಂಬ ಭರವಸೆ ಇರುತ್ತದೆ. ತಾವಾಗಿ ಹೋದವರು ತಡವಾದರೆ ಹಡಗು ಹೊರಟುಹೋಗುತ್ತದೆ. ಮುಂದಿನ ಬಂದರಿಗೆ ಅವರೇ ತಮ್ಮ ಖರ್ಚಿನಲ್ಲಿ ತಲುಪಬೇಕು. ಪರದೇಶದಲ್ಲಿ, ಭಾಷೆ ಬಾರದ ಊರಿನಲ್ಲಿ, ವಯಸ್ಸಾದ ದಂಪತಿಗೆ ಈ ಭಯ ಸಣ್ಣದಲ್ಲ. ಆ ಭಯವೇ ಪ್ರಯಾಣಿಕರನ್ನು ಹೆಚ್ಚು ಬೆಲೆಯ ಬಸ್ಸಿನ ಕಡೆಗೆ ತಿರುಗಿಸುತ್ತದೆ. ಹಾಗೆ ತಿರುಗಿಸಿದ ಮೇಲೆ ದಾರಿ ಯಾವುದು, ನಿಲುಗಡೆ ಎಲ್ಲಿ ಎಂಬುದನ್ನು ತೀರ್ಮಾನಿಸುವ ಅಧಿಕಾರ ಹಡಗು ಕಂಪನಿ ಮತ್ತು ಅದು ಗೊತ್ತುಮಾಡಿಕೊಂಡ ಸ್ಥಳೀಯ ಪ್ರವಾಸ ಸಂಸ್ಥೆಯ ಕೈಗೆ ಹೋಗುತ್ತದೆ.

ಮಗ್ಗದ ಮುಂದೆ ಮುಕ್ಕಾಲು ಗಂಟೆ

ರತ್ನಗಂಬಳಿ ಕೇಂದ್ರದಲ್ಲಿ ನಡೆಯುವುದು ಹೆಚ್ಚುಕಡಿಮೆ ಎಲ್ಲೆಡೆ ಒಂದೇ ಬಗೆ. ಮೊದಲು ಬಿಸಿನೀರಿನ ಪಾತ್ರೆಯಲ್ಲಿ ತೇಲುವ ರೇಷ್ಮೆಗೂಡುಗಳಿಂದ ನೂಲಿನ ಎಳೆಗಳನ್ನು ಮೇಲಕ್ಕೆಳೆದು ರಾಟೆಗೆ ಸುತ್ತಿ ತೋರಿಸುತ್ತಾರೆ. ಶಿಡ್ಲಘಟ್ಟ, ರಾಮನಗರದ ನೂಲು ಬಿಚ್ಚಾಣಿಕೆಯನ್ನು ಕಂಡವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಉತ್ತರ ಯುರೋಪಿನಿಂದ ಬಂದವರಿಗೆ ಅದೊಂದು ವಿಸ್ಮಯ. ಆಮೇಲೆ ಮಗ್ಗದ ಮುಂದೆ ಕೂತ ಹೆಂಗಸು ಎರಡು ಹಾಸುನೂಲುಗಳನ್ನು ಕೂಡಿಸಿ ಬಣ್ಣದ ಎಳೆಯನ್ನು ಸುತ್ತಿ, ಕೆಳಕ್ಕೆ ಜಗ್ಗಿ, ಚಾಕುವಿನಿಂದ ಕತ್ತರಿಸುತ್ತಾಳೆ. ಅನಟೋಲಿಯಾದ, ಅಂದರೆ ಟರ್ಕಿಯ ಏಷ್ಯಾ ಭಾಗದ, ಜೋಡಿಗಂಟು ಎಂದರೆ ಇದು. ಒಂದು ಸಾಲು ಮುಗಿದ ಮೇಲೆ ಹೊಕ್ಕುನೂಲು ಹಾಯಿಸಿ, ಭಾರದ ಬಾಚಣಿಗೆಯಿಂದ ತಟ್ಟಿ ಕೂರಿಸುತ್ತಾಳೆ. ಇಷ್ಟಕ್ಕೆ ಹತ್ತು ಹದಿನೈದು ನಿಮಿಷ. ಅನಂತರ ಎಲ್ಲರನ್ನೂ ದೊಡ್ಡ ಸಭಾಂಗಣಕ್ಕೆ ಕರೆದು, ಸೇಬಿನ ಚಹಾ ಕೊಟ್ಟು, ಗೋಡೆಯುದ್ದಕ್ಕೂ ಇಟ್ಟ ಬೆಂಚಿನ ಮೇಲೆ ಕೂರಿಸುತ್ತಾರೆ. ಯುವಕರು ಸುರುಳಿಗಳನ್ನು ಒಂದರ ಮೇಲೊಂದರಂತೆ ಬಿಚ್ಚಿ ಹಾಸುತ್ತಾ ಹೋಗುತ್ತಾರೆ. ಉಳಿದ ಅರ್ಧ ಗಂಟೆ ಮಾರಾಟ.

ಈಗ ಒಂದು ಗುಣಾಕಾರ ಮಾಡೋಣ. ಹೆರೆಕೆ ಎಂಬ ಊರಿನ ಹೆಸರಿನಿಂದ ಪ್ರಸಿದ್ಧವಾದ ನಯವಾದ ರೇಷ್ಮೆ ರತ್ನಗಂಬಳಿಯಲ್ಲಿ ಒಂದು ಚದರ ಸೆಂಟಿಮೀಟರಿಗೆ 100 ಗಂಟುಗಳಿರುತ್ತವೆ. ಒಂದು ಚದರ ಮೀಟರಿಗೆ ಅದು 10 ಲಕ್ಷ ಗಂಟು. ನುರಿತ ನೇಕಾರಳು ದಿನಕ್ಕೆ 8,000 ಗಂಟು ಹಾಕುತ್ತಾಳೆಂದು ಹಿಡಿದರೂ ಒಂದು ಚದರ ಮೀಟರಿಗೆ 125 ದಿನ ಬೇಕು. ಇಷ್ಟು ದುಡಿಮೆಯ ವಸ್ತುವಿಗೆ ಏನು ಬೆಲೆ ನ್ಯಾಯ ಎಂಬುದನ್ನು ಮುಕ್ಕಾಲು ಗಂಟೆಯಲ್ಲಿ, ಹೋಲಿಸಿ ನೋಡಲು ಇನ್ನೊಂದು ಅಂಗಡಿಯೂ ಇಲ್ಲದೆ, ಬಸ್ಸು ಹಾರ್ನ್ ಹಾಕುವುದರೊಳಗೆ ತೀರ್ಮಾನಿಸುವುದು ಯಾರಿಗೂ ಆಗದ ಕೆಲಸ. ಕೈನೇಯ್ಗೆಗೂ ಯಂತ್ರದ ನೇಯ್ಗೆಗೂ, ಸ್ಥಳೀಯ ಮಾಲಿಗೂ ಹೊರಗಿನಿಂದ ತಂದ ಮಾಲಿಗೂ ವ್ಯತ್ಯಾಸ ಗುರುತಿಸುವುದಂತೂ ಇನ್ನೂ ಕಷ್ಟ. ಕೊಳ್ಳುವವರ ಅರಿವಿಗಿಂತ ಮಾರುವವರ ಮಾತೇ ಬೆಲೆ ಗೊತ್ತುಮಾಡುವ ಕಡೆ ಮೋಸದ ದೂರು ಏಳುವುದು ಸಹಜ, ಪ್ರಾಮಾಣಿಕ ವ್ಯಾಪಾರಿಯೂ ಆ ಅನುಮಾನದಲ್ಲಿ ಸಿಕ್ಕಿಬೀಳುವುದೂ ಸಹಜ.

ಪ್ರವಾಸ ಸಂಸ್ಥೆಗೆ ಈ ನಿಲುಗಡೆ ಏಕೆ ಬೇಕು ಎಂಬುದೇ ಇಡೀ ವಿಷಯದ ತಿರುಳು. ಹಡಗಿನಲ್ಲಿ ಪ್ರಯಾಣಿಕರು ಕೊಡುವ ಬೆಲೆಯಲ್ಲಿ ಕಂಪನಿ ತನ್ನ ಪಾಲನ್ನು ಮೊದಲೇ ತೆಗೆದುಕೊಳ್ಳುತ್ತದೆ. ಉಳಿದ ಹಣದಲ್ಲಿ ಸ್ಥಳೀಯ ಸಂಸ್ಥೆ ಬಸ್ಸು, ಚಾಲಕ, ಪರವಾನಗಿ ಪಡೆದ ಮಾರ್ಗದರ್ಶಿ, ಪ್ರವೇಶ ಟಿಕೆಟ್ ಎಲ್ಲವನ್ನೂ ನಿಭಾಯಿಸಬೇಕು. ಎಫೆಸಸ್‌ನಲ್ಲಿ ವಿದೇಶಿಯರ ಪ್ರವೇಶ ದರ 2024ರಲ್ಲಿ 40 ಯೂರೊಗೆ ಏರಿತು. ಅದು ಸರ್ಕಾರಕ್ಕೆ ಹೋಗುವ ಹಣ, ಸಂಸ್ಥೆ ಅದರಲ್ಲಿ ಒಂದು ಕಾಸೂ ಉಳಿಸುವಂತಿಲ್ಲ. ಹೀಗೆ ಮೇಲಿನಿಂದಲೂ ಕೆಳಗಿನಿಂದಲೂ ಹಿಂಡಿದಾಗ ನಡುವೆ ಉಳಿಯುವ ಕೊರತೆಯನ್ನು ತುಂಬುವುದು ಅಂಗಡಿಯ ಕಮಿಷನ್. ಅಂಗಡಿಯವರು ಆ ಕಮಿಷನ್ನನ್ನು ತಮ್ಮ ಬೆಲೆಗೆ ಸೇರಿಸುತ್ತಾರೆ. ಕೊನೆಗೆ ರತ್ನಗಂಬಳಿ ಕೊಂಡ ಹತ್ತು ಜನ, ಕೊಳ್ಳದ ಮೂವತ್ತು ಜನರ ಎಫೆಸಸ್ ಭೇಟಿಯ ಖರ್ಚನ್ನೂ ಹೊತ್ತಂತಾಗುತ್ತದೆ. ಕರಕುಶಲ ಕೇಂದ್ರವನ್ನು ಪ್ರವಾಸಕ್ಕೆ ಸೇರಿಸಿದ ಒಂದು ಅಲಂಕಾರ ಎಂದು ತಿಳಿದರೆ ತಪ್ಪು. ಪ್ರವಾಸ ನಿಂತಿರುವುದೇ ಅದರ ಹೆಗಲ ಮೇಲೆ. ಮಗ್ಗದ ಮುಂದೆ ಕೂತ ಹೆಂಗಸಿಗೆ ಈ ಸರಪಳಿಯಲ್ಲಿ ಸಿಗುವುದು ಪ್ರದರ್ಶನದ ಕೂಲಿ. ಅವಳು ಹಾಕಿ ತೋರಿಸಿದ ಗಂಟಿಗೂ ಸಭಾಂಗಣದಲ್ಲಿ ಮಾರಾಟವಾದ ರತ್ನಗಂಬಳಿಗೂ ಸಂಬಂಧ ಇರಲೇಬೇಕೆಂದಿಲ್ಲ.

ಇದಕ್ಕಿಂತ ಬೇರೆ ದಾರಿ ಇಲ್ಲವೆಂದಲ್ಲ. ಟರ್ಕಿಯಲ್ಲೇ 1980ರ ದಶಕದ ಆರಂಭದಲ್ಲಿ ‘ದೋಬಾಗ್’ ಎಂಬ ಯೋಜನೆ ಪಶ್ಚಿಮ ಅನಟೋಲಿಯಾದ ಹಳ್ಳಿಗಳಲ್ಲಿ ಬೇರು, ಎಲೆಗಳಿಂದ ತೆಗೆಯುವ ಸಹಜ ಬಣ್ಣಗಳನ್ನು ಮತ್ತೆ ರೂಢಿಗೆ ತಂದಿತು. ನೇಯುವವರು ಸಹಕಾರಿ ಸಂಘ ಕಟ್ಟಿಕೊಂಡರು. ತಯಾರಾದ ಮಾಲಿಗೆ ಗುರುತಿನ ಚೀಟಿ ಕಟ್ಟಿ ಮಾರಿದರು. ಇಸ್ತಾಂಬುಲ್‌ನ ದಲ್ಲಾಳಿಗಳ ಹಂಗಿಲ್ಲದೆ ಹಳ್ಳಿಯ ಹೆಂಗಸರಿಗೆ ಆದಾಯ ಬಂತು. ಆದರೆ ಆ ಹಳ್ಳಿಗಳು ಕುಶಾದಸಿ ಬಂದರಿನಿಂದ ಬಲು ದೂರ. ನಾಲ್ಕು ಗಂಟೆಯ ಗಡಿಯಾರಕ್ಕೆ ಅವು ಎಟುಕುವುದಿಲ್ಲ.

ಯಾರ ಮಾತಿನಲ್ಲಿ ಎಷ್ಟು ಹುರುಳಿದೆ

ಹಡಗು ಕಂಪನಿಗಳ ವಾದವನ್ನು ಪೂರ್ತಿ ತಳ್ಳಿಹಾಕಲಾಗದು. ಜಗತ್ತಿನ ಒಟ್ಟು ಪ್ರವಾಸಿಗರಲ್ಲಿ ಕ್ರೂಸ್ ಪ್ರಯಾಣಿಕರ ಪಾಲು ಚಿಕ್ಕದು. ಜನಜಂಗುಳಿಯ ತಪ್ಪನ್ನೆಲ್ಲ ಹಡಗಿನ ಮೇಲೆ ಹೊರಿಸುವುದು ಅನ್ಯಾಯ ಎಂದು ಅವು ಹೇಳುತ್ತವೆ. ಹಡಗುಗಳ ವೇಳಾಪಟ್ಟಿ ವರ್ಷ ಎರಡು ವರ್ಷ ಮೊದಲೇ ಗೊತ್ತಾಗುವುದರಿಂದ, ಮನಸ್ಸು ಮಾಡಿದರೆ ಅತಿ ಸುಲಭವಾಗಿ ನಿಯಂತ್ರಿಸಬಹುದಾದ ಪ್ರವಾಸಿಗರು ಇವರೇ ಎಂಬ ಮಾತೂ ನಿಜ. ಒಮ್ಮೆ ಹಡಗಿನಲ್ಲಿ ಬಂದವರು ಊರು ಇಷ್ಟವಾಗಿ ಮುಂದೆ ವಿಮಾನದಲ್ಲಿ ಬಂದು ವಾರ ತಂಗುತ್ತಾರೆ ಎಂಬ ವಾದ ಮಾತ್ರ ಅಷ್ಟು ಗಟ್ಟಿಯಲ್ಲ. ಎರಡು ಗಂಟೆಯಲ್ಲಿ ಊರನ್ನೇ ನೋಡದವರಿಗೆ ಊರು ಇಷ್ಟವಾಗುವುದು ಹೇಗೆ?

ಪುರಾತತ್ತ್ವಜ್ಞರ ಚಿಂತೆ ಬೇರೆ ಬಗೆಯದು. ಅವರಿಗೆ ವರ್ಷದ ಒಟ್ಟು ಸಂಖ್ಯೆಗಿಂತ ಬೆಳಿಗ್ಗೆ ಹತ್ತರ ಹೊತ್ತಿನ ದಟ್ಟಣೆ ಹೆಚ್ಚು ಅಪಾಯಕಾರಿ. ನಾಲ್ಕು ಹಡಗಿನ ಐವತ್ತು ಬಸ್ಸುಗಳು ಅರ್ಧ ಗಂಟೆಯ ಅಂತರದಲ್ಲಿ ಬಂದರೆ ಜನ ಬೀದಿಯಿಂದ ಅಂಚಿಗೆ, ಅಂಚಿನಿಂದ ಕಟ್ಟಡದ ಮೇಲೆ ಹತ್ತುತ್ತಾರೆ. ಕಲ್ಲಿನ ಸವೆತ ಹೆಚ್ಚುವುದು ಆಗಲೇ. ಅಥೆನ್ಸ್ ಇದಕ್ಕೆ ಒಂದು ಉತ್ತರ ಕಂಡುಕೊಂಡಿದೆ. 2023ರ ಸೆಪ್ಟೆಂಬರ್‌ನಿಂದ ಅಲ್ಲಿನ ಪುರಾತನ ಗುಡ್ಡದ ಕೋಟೆ ಅಕ್ರೊಪೊಲಿಸ್‌ಗೆ ದಿನಕ್ಕೆ 20,000 ಜನರ ಮಿತಿ ಇದೆ, ಪ್ರವೇಶ ಗಂಟೆಗಂಟೆಗೆ ಹಂಚಿಕೆಯಾಗಿದೆ. ಪಿರೇಯಸ್ ಬಂದರಿನಲ್ಲಿ ಇಳಿದ ಗುಂಪು ತನ್ನ ಗಂಟೆಗೆ ಸರಿಯಾಗಿ ಬರಬೇಕು. ಶುಲ್ಕಕ್ಕಿಂತ ಇದು ಹೆಚ್ಚು ಸಮರ್ಪಕ ಎಂಬುದು ಈ ಲೇಖನದ ಅಭಿಪ್ರಾಯ, ಏಕೆಂದರೆ ಇದು ಗಡಿಯಾರವನ್ನೇ ನೇರವಾಗಿ ಮುಟ್ಟುತ್ತದೆ.

ಬಂದರು ಊರುಗಳ ಅಂಗಡಿಯವರು, ಚಾಲಕರು, ಮಾರ್ಗದರ್ಶಿಗಳ ಧ್ವನಿ ಈ ಚರ್ಚೆಯಲ್ಲಿ ಬಹಳ ಕಡಿಮೆ ಕೇಳುತ್ತದೆ. ಹಡಗು ಬರುವ ದಿನ ಕೆಲಸ, ಬಾರದ ದಿನ ಇಲ್ಲ. ಅವರ ಬದುಕು ಇಷ್ಟು ಸರಳ, ಇಷ್ಟು ಕಠಿಣ. ಕಮಿಷನ್ ಪದ್ಧತಿಯನ್ನು ಹೊರಗಿನವರು ಟೀಕಿಸುವಾಗ ಒಂದು ಮಾತು ಮರೆಯುತ್ತಾರೆ: ಮಾರ್ಗದರ್ಶಿಯ ದಿನಗೂಲಿ ಬದುಕಿಗೆ ಸಾಲದಾದಾಗ, ಅವಶೇಷಗಳ ಮುಂದೆ ಇನ್ನರ್ಧ ಗಂಟೆ ನಿಂತು ವಿವರಿಸುವುದಕ್ಕಿಂತ ಅಂಗಡಿಗೆ ಹೊತ್ತಿಗೆ ಸರಿಯಾಗಿ ತಲುಪುವುದೇ ಅವರಿಗೆ ಮುಖ್ಯವಾಗುತ್ತದೆ. ಇಲ್ಲಿ ದೋಷ ವ್ಯಕ್ತಿಯದಲ್ಲ, ಕೂಲಿಯ ಲೆಕ್ಕದ್ದು.

ಶುಲ್ಕದಿಂದ ಆಗುವುದು, ಆಗದಿರುವುದು

20 ಯೂರೊ ಶುಲ್ಕ ಹಡಗಿನ ಟಿಕೆಟ್ಟಿನೊಂದಿಗೇ ವಸೂಲಾಗುತ್ತದೆ. ಸಾವಿರಾರು ಯೂರೊ ಕೊಟ್ಟು ಬಂದವರು ಇದಕ್ಕಾಗಿ ಪ್ರಯಾಣ ಬಿಡುವುದಿಲ್ಲ. ಹಾಗಾಗಿ ಜನ ಕಡಿಮೆಯಾಗುವುದಕ್ಕಿಂತ ಸರ್ಕಾರದ ಬೊಕ್ಕಸ ತುಂಬುವ ಸಾಧ್ಯತೆಯೇ ಹೆಚ್ಚು. ಆ ಹಣ ನಿಜವಾಗಿಯೂ ದ್ವೀಪದ ನೀರು, ಕಸ, ರಸ್ತೆಗೆ ಹೋದರೆ ಅದು ದೊಡ್ಡ ಲಾಭವೇ. ಆದರೆ ಶುಲ್ಕಕ್ಕೆ ಇನ್ನೊಂದು ಪರಿಣಾಮವೂ ಇರಬಹುದು. ಪ್ರಯಾಣಿಕರು ದಡದಲ್ಲಿ ಖರ್ಚು ಮಾಡಲು ಮನಸ್ಸಿನಲ್ಲಿ ಒಂದು ಮೊತ್ತ ಇಟ್ಟುಕೊಂಡಿರುತ್ತಾರೆ. ಗ್ರೀಸ್‌ನ ದ್ವೀಪಕ್ಕೆ 20 ಯೂರೊ, ಎಫೆಸಸ್‌ನ ಬಾಗಿಲಲ್ಲಿ 40 ಯೂರೊ ಹೋದ ಮೇಲೆ ಮೊದಲು ಕಡಿತವಾಗುವುದು ಕುಂಬಾರರ ಒಂದು ಬಟ್ಟಲು, ಬೀದಿಬದಿಯ ಒಂದು ಊಟ. ಸರ್ಕಾರದ ಪಾಲು ಹೆಚ್ಚಿದಷ್ಟೂ ಬೀದಿಯ ಪಾಲು ಕುಗ್ಗುವ ಅಪಾಯವಿದೆ.

ಪ್ರವಾಸ ಸಂಸ್ಥೆಗಳಿಗೂ ಹಾಗೆಯೇ. ಪ್ರವೇಶ ದರ ಏರಿದಾಗ ಅವುಗಳ ಮುಂದೆ ಮೂರು ದಾರಿ ಇರುತ್ತವೆ: ಸುತ್ತಾಟದ ಬೆಲೆ ಏರಿಸುವುದು, ಅವಶೇಷಗಳ ಒಳಗೆ ಹೋಗದೆ ಹೊರಗಿನಿಂದಲೇ ತೋರಿಸುವ ಅಗ್ಗದ ಸುತ್ತಾಟ ಮಾರುವುದು, ಇಲ್ಲವೇ ಅಂಗಡಿಯ ಹೊತ್ತನ್ನು ಹೆಚ್ಚಿಸುವುದು. ಕೊನೆಯದು ಎಲ್ಲಕ್ಕಿಂತ ಸುಲಭ, ಏಕೆಂದರೆ ಅದು ಜಾಹೀರಾತಿನಲ್ಲಿ ಎದ್ದು ಕಾಣುವುದಿಲ್ಲ. ಪರಂಪರೆಯನ್ನು ಕಾಪಾಡಲೆಂದು ಏರಿಸಿದ ದರವೇ ಪರಂಪರೆಯ ಮುಂದೆ ನಿಲ್ಲುವ ಹೊತ್ತನ್ನು ಕಡಿಮೆ ಮಾಡುವ ಈ ಸುತ್ತು ಮುರಿಯಬೇಕಾದರೆ, ಸುತ್ತಾಟದ ಪಟ್ಟಿಯಲ್ಲಿ ಎಲ್ಲೆಲ್ಲಿ ಎಷ್ಟು ಹೊತ್ತು, ಯಾವ ನಿಲುಗಡೆಯಲ್ಲಿ ಕಮಿಷನ್ ಇದೆ ಎಂಬುದನ್ನು ಮುದ್ರಿಸಬೇಕೆಂಬ ನಿಯಮ ಬೇಕು. ಹಡಗು ಬಂದರಿನಲ್ಲಿ ಆರು ಗಂಟೆಯ ಬದಲು ಹನ್ನೆರಡು ಗಂಟೆ ನಿಂತರೆ ಬಂದರು ಶುಲ್ಕದಲ್ಲಿ ರಿಯಾಯಿತಿ ಕೊಡಬಹುದು. ತಲೆಯ ಬದಲು ಗಂಟೆಯನ್ನು ಎಣಿಸುವ ಶುಲ್ಕ ಎಂದರೆ ಅದೇ.

ಪಣಂಬೂರಿನಿಂದ ಮೂಡುಬಿದಿರೆಗೆ

ಕರ್ನಾಟಕಕ್ಕೆ ಇದು ದೂರದ ಸುದ್ದಿಯಲ್ಲ. ಪಣಂಬೂರಿನ ನವಮಂಗಳೂರು ಬಂದರಿಗೆ ಮಳೆಗಾಲ ಕಳೆದ ಮೇಲೆ ಪ್ರತಿ ವರ್ಷ ಕೆಲವು ಕ್ರೂಸ್ ಹಡಗುಗಳು ಬರುತ್ತವೆ. ಇ-ವೀಸಾ ಸೌಲಭ್ಯವಿರುವ ದೇಶದ ಬಂದರುಗಳಲ್ಲಿ ಇದೂ ಒಂದು. ಪ್ರಮುಖ ಬಂದರುಗಳಲ್ಲಿ ಕ್ರೂಸ್ ಪ್ರಯಾಣಿಕರಿಗೆ ಭಾರತ ವಿಧಿಸುವ ತಲೆಶುಲ್ಕ 6 ಡಾಲರ್. ಹಡಗುಗಳನ್ನು ಸೆಳೆಯಲೆಂದೇ ಬಂದರಿನ ದರಗಳನ್ನು ಇಳಿಸಲಾಗಿದೆ. ಇಳಿದವರು ಸಾಮಾನ್ಯವಾಗಿ ಕುದ್ರೋಳಿ, ಕದ್ರಿ, ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರ, ಮಾರುಕಟ್ಟೆ, ಪಿಲಿಕುಳ, ಒಂದು ಗೇರುಬೀಜ ಕಾರ್ಖಾನೆ, ಸ್ವಲ್ಪ ದೂರ ಹೋಗುವವರು ಮೂಡುಬಿದಿರೆಯ ಸಾವಿರ ಕಂಬದ ಬಸದಿ ಮತ್ತು ಕಾರ್ಕಳದ ಗೊಮ್ಮಟನನ್ನು ನೋಡಿ ಬರುತ್ತಾರೆ.

ಇಲ್ಲೂ ಊರುಗಳ ಪಾಲನ್ನು ಹಂಚುತ್ತಿರುವುದು ಗಡಿಯಾರವೇ. ಬೇಲೂರು, ಹಳೇಬೀಡುಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆದರೆ ಘಟ್ಟ ಹತ್ತಿ ಸುಮಾರು 150 ಕಿಲೋಮೀಟರ್ ಹೋಗಿ ಒಂದೇ ಹಗಲಿನಲ್ಲಿ ಹಡಗಿಗೆ ಮರಳುವುದು ಆಗದ ಮಾತು. ಹಂಪಿಯಂತೂ ಲೆಕ್ಕಕ್ಕೇ ಇಲ್ಲ. ಮೂಡುಬಿದಿರೆ ಸುಮಾರು 35 ಕಿಲೋಮೀಟರ್. 1430ರ ಆ ಬಸದಿಯಲ್ಲಿ ಒಂದು ಕಂಬದ ಕೆತ್ತನೆಯಂತೆ ಇನ್ನೊಂದಿಲ್ಲ ಎಂಬುದನ್ನು ಕಣ್ಣಾರೆ ಕಾಣಬೇಕಾದರೆ ಕನಿಷ್ಠ ಒಂದೂವರೆ ಗಂಟೆಯಾದರೂ ಬೇಕು. ಮೂರು ನಿಲುಗಡೆಯ ಪಟ್ಟಿಯಲ್ಲಿ ಅದಕ್ಕೆ ಅರ್ಧ ಗಂಟೆ ಸಿಕ್ಕರೆ, ಎಫೆಸಸ್‌ನಲ್ಲಿ ಆದದ್ದೇ ಇಲ್ಲೂ ಆಗುತ್ತದೆ.

ಕರಕುಶಲದ ವಿಷಯದಲ್ಲಿ ನಮಗೆ ಒಂದು ಅನುಕೂಲವಿದೆ: ಕಮಿಷನ್ ಪದ್ಧತಿ ಬೇರೂರುವಷ್ಟು ಹಡಗುಗಳು ಇಲ್ಲಿಗೆ ಇನ್ನೂ ಬಂದಿಲ್ಲ. ದೋಬಾಗ್ ಮಾಡಿದಂಥ ಕೆಲಸವನ್ನು ಮಾಡಬಲ್ಲ ಸಂಸ್ಥೆ ಬಂದರಿನ ಹತ್ತಿರದಲ್ಲೇ ಇದೆ. ಮೂಡುಬಿದಿರೆಯಿಂದ ಬಹಳ ದೂರವಿಲ್ಲದ ಕಿನ್ನಿಗೋಳಿಯಲ್ಲಿ ತಾಳಿಪಾಡಿ ನೇಕಾರರ ಸಹಕಾರಿ ಸಂಘವಿದೆ. ಬೆರಳೆಣಿಕೆಯಷ್ಟು ವಯಸ್ಸಾದ ನೇಕಾರರಿಗೆ ಇಳಿದಿದ್ದ ಉಡುಪಿ ಸೀರೆಯ ನೇಯ್ಗೆ ಅಲ್ಲಿ ಮತ್ತೆ ಚಿಗುರಿದೆ. ಹಡಗಿನ ಬಸ್ಸು ಅಲ್ಲಿ ನಿಂತರೆ ಮಾರಾಟದ ಹಣ ಸಂಘದ ಮೂಲಕ ನೇಕಾರರಿಗೇ ಹೋಗುತ್ತದೆ; ಕಮಿಷನ್ ಕೊಡುವ ಶಕ್ತಿ ಮಾತ್ರ ಅಂಥ ಸಂಘಕ್ಕೆ ಇರುವುದಿಲ್ಲ. ಹಾಗಾಗಿ ಪ್ರವಾಸ ಸಂಸ್ಥೆ ತಾನಾಗಿ ಬಸ್ಸನ್ನು ಅತ್ತ ತಿರುಗಿಸುವುದಿಲ್ಲ. ತಿರುಗಿಸುವಂತೆ ಮಾಡಬೇಕಾದರೆ ಬಂದರು ಪ್ರಾಧಿಕಾರವೂ ಪ್ರವಾಸೋದ್ಯಮ ಇಲಾಖೆಯೂ ಕೂಡಿ, ಹಡಗಿಗೆ ಕೊಡುವ ದರದ ರಿಯಾಯಿತಿಗೆ ಪ್ರತಿಯಾಗಿ ಸುತ್ತಾಟದ ಪಟ್ಟಿಯಲ್ಲಿ ಒಂದು ಗಂಟೆಯನ್ನು ಕೇಳಿ ಪಡೆಯಬೇಕು. ಮಾರ್ಗದರ್ಶಿಗಳಿಗೆ ಕಮಿಷನ್ ನೆಚ್ಚಬೇಕಾಗದಂಥ ದಿನಗೂಲಿಯನ್ನೂ ಆಗಲೇ ಗೊತ್ತುಮಾಡಬೇಕು. ಕ್ರೂಸ್ ಭಾರತ್ ಮಿಷನ್‌ನ ಕೊನೆಯ ಹಂತ 2029ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹಡಗುಗಳು ಒಂದೆರಡು ವರ್ಷ ಮುಂಚೆಯೇ ವೇಳಾಪಟ್ಟಿ ಬರೆದುಕೊಳ್ಳುವುದರಿಂದ, 2028–29ರ ಋತುವಿನಲ್ಲಿ ಪಣಂಬೂರಿನಿಂದ ಹೊರಡುವ ಬಸ್ಸು ಕಿನ್ನಿಗೋಳಿಯಲ್ಲಿ ನಿಲ್ಲಬೇಕಾದರೆ ಆ ಮಾತುಕತೆ ಈಗಲೇ ಆಗಬೇಕು.